ಉಳಿಗೊಂದು ಗಾಡಿ

ನಂಜುಂಡಾಚಾರ್ರ ಎಡಗೈ ಮೊಣಕೈವರೆಗೂ ನುಣ್ಣಗೆ ಬೋಳಾಗಿತ್ತು. ಉಳಿ ಮಸೆದಾಗಲೆಲ್ಲ ಹರಿತ ನೋಡಲು ಅಲ್ಲಿಯ ಕೂದಲನ್ನೇ ಹೆರೆಯುತ್ತಿದ್ದರು. ಬೇರೆಯವರ ಉಳಿ ಬಂದರೆ ಅವರದೇ ಕೈ ಚಾಚಿಸುತ್ತಿದ್ದರು. ಹಾಗೆ ನನ್ನ ಕೈಯೂ ಒಂದೆರಡು ಕಡೆ ಬೋಳಾಗಿ, "ಇದೇನ್ರೀ, ಹುಳುಕಡ್ಡಿನಾ?" ಎಂದು ಹೆಂಡತಿ ನನ್ನನ್ನು ಡಾಕ್ಟರ ಹತ್ತಿರ ಅಟ್ಟಿದ್ದಳು.

ಚಾಮರಾಜಪೇಟೆಯಲ್ಲಿ ನಮ್ಮ ಮನೆಯ ಹಿಂದಿನ ಕ್ರಾಸಿನಲ್ಲೇ ಅವರ ಮರಗೆಲಸದ ಅಂಗಡಿ. ಗಣಿತದ ಮೇಷ್ಟ್ರಾಗಿದ್ದ ನಾನು ರಿಟೈರಾದ ಮೇಲೆ ಮರಗೆಲಸದ ಹುಚ್ಚು ಹತ್ತಿಸಿಕೊಂಡು ಅಲ್ಲಿ ಹೋಗಿ ಕೂತೆ. ಮೊದಲ ದಿನವೇ ಕಾಯ್ದೆ ಹೇಳಿದರು: "ನೋಡಿ ಮೇಷ್ಟ್ರೇ, ಉಳಿ ಮಸೆಯೋಕ್ ಬರ್ದೇ ಇದ್ದೋನು ಮರ ಮುಟ್ಬಾರ್ದು. ಅಷ್ಟೇ." ಮೂರು ತಿಂಗಳು ನಾನು ಮರ ಮುಟ್ಟಲಿಲ್ಲ. ಕೋನಮಾಪಕ ತಂದು ಉಳಿಯ ಓರೆಯನ್ನು ಇಪ್ಪತ್ತೈದು ಡಿಗ್ರಿಗೆ ಅಳೆಯಲು ಹೊರಟಾಗ, "ಕಲ್ಲಿಗೆ ಲೆಕ್ಕ ಹೇಳ್ಕೊಡ್ತೀರಾ?" ಎಂದು ಕುಡಿಯುತ್ತಿದ್ದ ಕಾಫಿ ನೆತ್ತಿಗೆ ಹತ್ತುವಷ್ಟು ನಕ್ಕರು.

ಕೆಲವು ವರ್ಷಗಳಾದ ಮೇಲೆ ಅವರ ಬಲಗೈ ನಡುಗತೊಡಗಿತು. ಗರಗಸ ಹಿಡಿದಾಗ ಗೊತ್ತಾಗುತ್ತಿರಲಿಲ್ಲ. ಸಾಣೆಕಲ್ಲಿನ ಮೇಲೆ ಮಾತ್ರ ಉಳಿ ಒಂದೇ ಸಮ ನಿಲ್ಲದೆ ಅಂಚು ದುಂಡಗಾಗುತ್ತಿತ್ತು. ನಾನು ಮಸೆದುಕೊಡಲೇ ಎಂದರೆ ಸಿಡುಕಿದರು. "ನನ್ನುಳಿ ಇನ್ನೊಬ್ರು ಮಸೆಯೋ ದಿನ ಅಂಗ್ಡಿ ಮುಚ್ಚಿಬಿಡ್ತೀನಿ." ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಂಗಡಿ ಮುಚ್ಚಿದರೆ ಈ ಮನುಷ್ಯ ಹಾಸಿಗೆ ಹಿಡಿಯುವುದು ಖಂಡಿತ ಅನ್ನಿಸಿತು.

ಅದಕ್ಕೇ ಒಂದು ನಾಟಕ ಹೂಡಿದೆ. ತೇಗದ ತುಂಡೊಂದರಲ್ಲಿ ನನ್ನ ಅರ್ಧ ಇಂಚಿನ ಉಳಿ ಕೂರುವಷ್ಟು ಕಚ್ಚು ಕೊರೆದು, ಮೇಲೊಂದು ಪಟ್ಟಿ, ಬಿಗಿಯಲು ಎರಡು ಸ್ಕ್ರೂ, ಕೆಳಗೆ ಹಳೇ ಸೂಟ್‌ಕೇಸಿನ ಚಕ್ರ ಹಾಕಿದೆ. ಉಳಿಯನ್ನು ಅದರಲ್ಲಿ ಬಿಗಿದು ಕಲ್ಲಿನ ಮೇಲೆ ಓಡಿಸಿದರೆ, ಕೈ ನಡುಗಿದರೂ ಓರೆ ಕೆಡುವುದಿಲ್ಲ. "ನನ್ ಕೈ ನೆಟ್ಟಗಿಲ್ಲ ಆಚಾರ್ರೇ, ನನಗೋಸ್ಕರ ಮಾಡ್ಕೊಂಡೆ" ಅಂದೆ.

"ಉಳಿಗೆ ಗಾಡಿನಾ! ಹಾರ್ನ್ ಎಲ್ಲಿ ಮೇಷ್ಟ್ರೇ?" ಎಂದು ಇಡೀ ಕ್ರಾಸಿಗೆ ಕೇಳಿಸುವಂತೆ ನಕ್ಕರು. ಆಮೇಲೆ ಅತ್ತಿತ್ತ ತಿರುಗಿಸಿ ನೋಡಿ, "ಥೂ, ಏನ್ ಕೆಲ್ಸಾರೀ ಇದು, ಅಷ್ಟಾವಕ್ರ! ಬಿಟ್ಟೋಗಿ, ನಾನೇ ಬೇರೆ ಮಾಡಿಡ್ತೀನಿ" ಅಂದರು.

ಮಾಡಿದರು, ಆದರೆ ನನಗೆ ಕೊಡಲಿಲ್ಲ. ಕೇಳಿದಾಗಲೆಲ್ಲ "ಪಾಲಿಶ್ ಬಾಕಿ ಇದೆ" ಎನ್ನುತ್ತಿದ್ದರು. ಗಿರಾಕಿ ಬಂದ ಕೂಡಲೇ ಅದರ ಮೇಲೊಂದು ಟವೆಲ್ ಬೀಳುತ್ತಿತ್ತು. ಅವರ ಉಳಿಗಳು ಮಾತ್ರ ಮತ್ತೆ ಹರಿತವಾದವು, ಅಂಗಡಿ ನಡೆಯಿತು. ಎರಡು ವರ್ಷ ಪಾಲಿಶ್ ಮುಗಿಯಲೇ ಇಲ್ಲ. ಆಚಾರ್ರನ್ನೇ ಯಾಮಾರಿಸಿದೆನೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಹೋದ ಯುಗಾದಿ ಕಳೆದ ಮೇಲೆ, ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದ ಆಚಾರ್ರು ವಾಪಸ್ ಬಂದು ನನ್ನನ್ನು ಮನೆಗೆ ಕರೆಸಿದರು. ಗಾಡಿಯನ್ನು ನನ್ನ ಕೈಗಿಟ್ಟು, "ತಗೊಳ್ಳಿ ಮೇಷ್ಟ್ರೇ, ಪಾಲಿಶ್ ಆಯ್ತು" ಅಂದರು. ವಾರದೊಳಗೆ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ಊಟ ಮುಗಿಸಿ ಬಂದ ಮಧ್ಯಾಹ್ನ, ಸಂಕಟ ತಡೆಯಲಾರದೆ ಗಾಡಿ ತೆಗೆದು ನನ್ನ ಅರ್ಧ ಇಂಚಿನ ಉಳಿ ಇಟ್ಟೆ. ಲೊಡಲೊಡ ಅಲ್ಲಾಡಿತು. ಆಚಾರ್ರು ಕಚ್ಚು ಕೊರೆದದ್ದೇ ತಮ್ಮ ಒಂದಿಂಚಿನ ಉಳಿಗೆ. ನನ್ನ ನಾಟಕ ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ಎರಡು ವರ್ಷ ನನ್ನನ್ನು ಬೀಗಲು ಬಿಟ್ಟಿದ್ದರು.