ತೆರಿಗೆ ಅಕ್ಕ ಮತ್ತು ಲೆಕ್ಕಕ್ಕೆ ಬಾರದ ದರ್ಜಿ

ಬೀದಿಯವರೆಲ್ಲ ಅವರನ್ನು ತೆರಿಗೆ ಅಕ್ಕ ಅಂತಲೇ ಕರೆಯುತ್ತಿದ್ದರು. ಔಷಧಿ ಅಂಗಡಿಯ ಮೇಲಿನ ಒಂಟಿ ಕೋಣೆ ಅವರ ಆಫೀಸು. ಮೊದಲು ಅದು ಮಾವನವರದಾಗಿತ್ತು. ಹೊಸ ಸೊಸೆಯಾಗಿದ್ದಾಗ ಊಟದ ಡಬ್ಬಿ ಕೊಡಲು ಮೆಟ್ಟಿಲು ಹತ್ತಿದವರು ಹಾಗೇ ಕೂತು ಕೆಲಸ ಕಲಿತರು. ಮಾವನ ಕಣ್ಣು ಮಂಜಾದ ಮೇಲೆ ಗಿರಾಕಿಗಳೆಲ್ಲರ ತೆರಿಗೆ ರಿಟರ್ನನ್ನೂ ಅಕ್ಕನೇ ತುಂಬಿದರು, ಸಹಿ ಮಾತ್ರ ಮಾವ ಹಾಕಿದರು. ಸಂಬಳದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮನೆಯವಳಿಗೆ ಏನು ಸಂಬಳ? ಮಾವ ತೀರಿಕೊಂಡಾಗ ಮಾತಾಡಿಸಲು ಬಂದ ಗಿರಾಕಿಗಳು, "ಅವರಷ್ಟು ಅಚ್ಚುಕಟ್ಟಾಗಿ ಇನ್ಯಾರು ಮಾಡ್ತಾರಮ್ಮ" ಎಂದು ಅಕ್ಕನ ಮುಂದೆಯೇ ಕಣ್ಣೊರೆಸಿಕೊಂಡರು. ಅಕ್ಕನೂ ಹೌದೌದು ಎಂದರು.

ಆ ವರ್ಷ ಸೋಫಾ ಅಂಗಡಿಯ ಪಾಲುದಾರರಾದ ಒಬ್ಬ ಭಾವ ಮತ್ತು ಅವರ ಬಾಮೈದ ಬಂದು ಕೂತರು. ಅಕ್ಕ ಪಾಲುದಾರಿಕೆಯ ರಿಟರ್ನಿನಿಂದ ಓದಿದರು: "ಹೊರಗಿನ ಗುತ್ತಿಗೆಯವರಿಗೆ ದುಡ್ಡು ಕೊಟ್ಟಿದ್ದೀರಾ? ಕೊಟ್ಟಿದ್ರೆ ಇಲಾಖೆಗೆ ವರದಿ ಮಾಡಿದ್ದೀರಾ?"

"ಮೊದಲನೇದಕ್ಕೆ ಇಲ್ಲ ಅಂತ ಬರೀರಿ, ಎರಡನೇದರ ಗೊಡವೇನೇ ಇರಲ್ಲ," ಎಂದರು ಭಾವ.

ಮಾವನ ಕಾಲದಲ್ಲಿ ಅದೇ ರೂಢಿ. ಆದರೆ ಈಗ ಸಹಿ ಅಕ್ಕನದು.

"ಸೋಫಾ ಹೊಲಿಯೋದು ಯಾರು?"

"ನಮ್ಮ ದರ್ಜಿ. ಹೊರಗಿನವನಲ್ಲ, ಮನೆಯವನಿದ್ದ ಹಾಗೆ."

"ಹಾಗಾದ್ರೆ ಅಂಗಡೀಲಿ ಪಾಲು ಕೊಟ್ಟಿದ್ದೀರಾ?"

ಬಾಮೈದ ಕೆಮ್ಮಿದ. "ಅಷ್ಟೊಂದು ಮನೆಯವನಲ್ಲ."

"ಸಂಬಳದವರಾ?"

"ಸಂಬಳ ಅಂದ್ರೆ ರಜೆ ಗಿಜೆ ಎಲ್ಲ ಬರುತ್ತೆ. ಅವನ ಮಿಷಿನ್ನು, ಅವನ ಸೂಜಿ, ಅವನ ಮನೇಲೇ ಹೊಲೀತಾನೆ. ಇಷ್ಟು ಕೆಲಸಕ್ಕೆ ಇಷ್ಟು ಅಂತ."

"ಅದನ್ನೇ ಗುತ್ತಿಗೆ ಅನ್ನೋದು."

ಭಾವ ದನಿ ತಗ್ಗಿಸಿದರು. "ಬಡವ ಅಕ್ಕ. ಹೆಸರು ಬರೆದ್ರೆ ತೆರಿಗೆಯವರು ಬೆನ್ನು ಹತ್ತುತ್ತಾರೆ. ನಾವು ಅವನನ್ನ ಕಾಪಾಡ್ತಿದ್ದೀವಿ."

"ಕಾಪಾಡಿ ಅಂತ ಅವರು ಕೇಳಿದ್ರಾ? ಕರೆಸಿ, ನೋಡೋಣ."

ದರ್ಜಿ ಅಂಗಿಗೆ ಅಂಟಿದ್ದ ದಾರದ ಚೂರುಗಳ ಸಮೇತ ಬಂದ. ಕೂರುವ ಮೊದಲು ಕುರ್ಚಿಯ ಮೆತ್ತೆಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಮುಖ ಕಿವಿಚಿದ. ವಿಷಯ ಕೇಳಿ, "ದಯವಿಟ್ಟು ಬರೀರಿ ಅಕ್ಕ," ಎಂದ. "ಮಿಷಿನ್ನಿಟ್ರೆ ಕಾಲು ಚಾಚೋಕೆ ಜಾಗ ಇಲ್ಲದ ಮನೆ ನಂದು. ದೊಡ್ಡದು ಬಾಡಿಗೆಗೆ ಹುಡುಕಿದ್ರೆ, ದುಡಿಮೆಗೆ ಪುರಾವೆ ತಗೊಂಡ್ಬಾ ಅಂತಾರೆ ಮನೆ ಮಾಲೀಕರು. ಊರಿನ ಅರ್ಧ ಜನ ನಾನು ಹೊಲಿದ ಸೋಫಾ ಮೇಲೆ ಕೂತಿದ್ದಾರೆ. ಕಾಗದದಲ್ಲಿ ಮಾತ್ರ ನಾನು ಕೆಲಸ ಇಲ್ಲದೋನು."

"ಮನೆಯವನ ಹಾಗೆ ನೋಡ್ಕೊಂಡ್ವಲ್ಲೋ," ಎಂದರು ಭಾವ, ನಿಜಕ್ಕೂ ನೊಂದು.

"ಹೌದು ಯಜಮಾನ್ರೆ. ಅದಕ್ಕೇ ಜ್ವರ ಬಂದಾಗ್ಲೂ ಆಗಲ್ಲ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ."

 ಅಕ್ಕ ಮೊದಲನೇ ಪ್ರಶ್ನೆಗೆ ಹೌದು ಎಂದು ಬರೆದು, ವರದಿಯನ್ನೂ ತಯಾರಿಸಿದರು. ವರದಿ ತಡವಾದದ್ದಕ್ಕೆ ಅಂಗಡಿಗೆ ದಂಡ ಬಿತ್ತು. "ಮಾವನವರಿದ್ದಿದ್ರೆ ಹೀಗಾಗ್ತಿರ್ಲಿಲ್ಲ," ಎಂದು ಗೊಣಗುತ್ತ ಪಾಲುದಾರರು ಮೆಟ್ಟಿಲಿಳಿದರು. ಅದೇನೋ ನಿಜವೇ.

ಆ ಕಾಗದ ತೋರಿಸಿ ದರ್ಜಿಗೆ ದೊಡ್ಡ ಮನೆ ಸಿಕ್ಕಿತು. ಹಿಂದೆಯೇ ತೆರಿಗೆಯೂ ಬಂತು. "ಹೆಸರಿನ ಜೊತೆ ಇದೂ ಬರುತ್ತೆ ಅಂತ ಯಾರೂ ಹೇಳ್ಲೇ ಇಲ್ವಲ್ಲಕ್ಕ," ಎಂದು ಮುಖ ಸಪ್ಪೆ ಮಾಡಿದ.

"ನೀವು ಬರೋ ಮುಂಚೇನೇ ನಿಮ್ಮ ಯಜಮಾನ್ರು ಹೇಳಿದ್ರು. ಪಾಪ, ಅದೊಂದನ್ನ ಸರಿಯಾಗೇ ಹೇಳಿದ್ರು."

ಹೊಸ ಮನೆಯ ಪಡಸಾಲೆಯಲ್ಲಿ ಇನ್ನೊಂದು ಮಿಷಿನ್ನು ಹಿಡಿಸಿತು. ಬೇರೆ ಅಂಗಡಿಗಳೂ ಹುಡುಕಿಕೊಂಡು ಬಂದವು. ಈಗ ಭಾವ, ಬಾಮೈದ ಇಬ್ಬರೂ ಅಲ್ಲಿ ಸರದಿ ಕಾಯುತ್ತಾರೆ. ಕಾಯುತ್ತ ಪಕ್ಕದವರಿಗೆ, "ಇವನನ್ನ ಮುಂದೆ ತಂದಿದ್ದೇ ನಾವು. ಬೇಕಾದ್ರೆ ಇಲಾಖೇಲಿ ಕೇಳಿ, ಕಾಗದದಲ್ಲೇ ಇದೆ," ಎನ್ನುತ್ತಾರೆ.

ಅಕ್ಕ ಇದನ್ನು ಕೇಳಿ ಮನಸಾರೆ ನಕ್ಕರು. ಮರುದಿನ ಮೆಟ್ಟಿಲ ಬುಡದ ಬೋರ್ಡು ಇಳಿಸಿ, ಮಾವನ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಬರೆಯಲು ಕೊಟ್ಟರು. ಬೋರ್ಡು ಬರೆಯುವವನು ಕುಂಚ ಅದ್ದುತ್ತ ಕೇಳಿದ: "ನಾವು ನಾವೇ ಅಲ್ವಾ ಅಕ್ಕ, ಬಿಲ್ಲು ಗಿಲ್ಲು ಬೇಡ ತಾನೆ?"