ತಕರಾರು ಕೇಳಿ ಬರೆಯುತ್ತಿದ್ದ ಅಜ್ಜ

ಅವರ ಬಲಗೈಯ ನಡುಬೆರಳಿನಲ್ಲಿ, ಪೆನ್ನು ಒತ್ತುವ ಜಾಗದಲ್ಲಿ, ಹುಣಸೆ ಬೀಜದಷ್ಟು ಗಟ್ಟಿಯಾದ ಗಂಟಿತ್ತು. ಬರೆಯುವಾಗ ಕೆಳದುಟಿ ಅಕ್ಷರಗಳ ಜೊತೆಗೇ ಅಲುಗಾಡುತ್ತಿತ್ತು. ಚನ್ನಗಿರಿಯ ತಾಲ್ಲೂಕು ಕಚೇರಿ ಹತ್ತಿರದ ಜೆರಾಕ್ಸ್ ಅಂಗಡಿಯ ಜಗುಲಿಯಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದ ಪತ್ರ ಬರಹಗಾರರು ಅವರು. ಜನರ ಬಾಯಲ್ಲಿ ಬಾಂಡ್ ಬರೆಯೋ ಅಜ್ಜ. ಎಲ್ಲರೂ ಕಂಪ್ಯೂಟರಿಗೆ ಹೋದ ಮೇಲೂ ಮೊದಲು ಕೈಯಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಟೈಪಿಗೆ ಕೊಡುತ್ತಿದ್ದರು.

ತಕರಾರು ಎನ್ನುವ ಮಾತಿಗೆ ನಮ್ಮ ಕಡೆ ಒಳ್ಳೆಯ ಹೆಸರಿಲ್ಲ. ಕೆಟ್ಟ ಮೋಟಾರು ತಕರಾರು ಮಾಡುತ್ತದೆ, ಮದುವೆ ಮನೆಯಲ್ಲಿ ಮುನಿದ ನೆಂಟ ತಕರಾರು ತೆಗೆಯುತ್ತಾನೆ, ಎದುರು ಮಾತಾಡುವ ಸೊಸೆ ತಕರಾರಿನವಳು. ಅಜ್ಜನಿಗೆ ಮಾತ್ರ ಅದು ಮರ್ಯಾದೆಯ ಮಾತಾಗಿತ್ತು. ಅದು ನನಗೆ ತಿಳಿದದ್ದು ಬಿ.ಎಡ್. ಮುಗಿಸಿ ಮನೆಯಲ್ಲಿದ್ದ ವರ್ಷ.

ಕೆರೆಬಿಳಚಿಯಲ್ಲಿ ಅವ್ವನ ತಂದೆ ತೀರಿಕೊಂಡಿದ್ದರು. ಜಮೀನಿನಲ್ಲಿ ತನಗೆ ಹಕ್ಕು ಬೇಡವೆಂದು ಅವ್ವ ಬರೆದುಕೊಡಬೇಕೆಂದು ಇಬ್ಬರು ಸೋದರಮಾವಂದಿರು ಕರೆಸಿದ್ದರು. ನಮ್ಮೂರು ಸವಳಂಗದಿಂದ ನಾನೂ ಜೊತೆಗೆ ಹೋಗಿದ್ದೆ. ಎಲ್ಲರೂ ಚನ್ನಗಿರಿಗೆ, ಅಜ್ಜನ ಮೇಜಿನ ಮುಂದೆ ಬಂದು ನಿಂತೆವು; ಚಿಕ್ಕ ಮಾವ ಹಿಂದೆಯೇ ಉಳಿದ. ದೊಡ್ಡ ಮಾವ ವಿವರವೆಲ್ಲ ಹೇಳಿ, “ನಮ್ಮ ತಂಗೀದು ಏನೂ ತಕರಾರಿಲ್ಲ. ಹಂಗಂತ ಬರೀರಿ” ಎಂದರು.

ಅಜ್ಜ ಪೆನ್ನಿಗೆ ಕ್ಯಾಪು ಹಾಕಿದರು. “ಅದನ್ನ ನೀವು ಹೆಂಗೆ ಹೇಳ್ತೀರಿ? ಅವರ ಬಾಯಿಂದ ಬರ್ಲಿ.”

“ಅಣ್ಣನ ಜತೆ ಜಗಳ ಆಡಾಕೆ ಬಂದಿಲ್ರೀ ನಾನು” ಎಂದಳು ಅವ್ವ.

“ಜಗಳ ಬ್ಯಾರೆ ತಾಯಿ, ತಕರಾರು ಬ್ಯಾರೆ. ಜಗಳದಾಗೆ ಎದುರಿಗಿರೋರು ಸೋಲ್ಬೇಕು. ತಕರಾರು ಅಂದ್ರೆ, ಇದು ನಂಗೆ ಒಪ್ಪಿಗೆ ಇಲ್ಲ, ಯಾಕೆ ಅಂತ ಒಂದ್ಸಲ ಕೇಳ್ರಿ ಅನ್ನೋದು. ಅಷ್ಟೇ.”

ದೊಡ್ಡ ಮಾವ ಗಡಿಯಾರ ನೋಡಿಕೊಂಡರು. ಅಜ್ಜ ಅವಸರ ಮಾಡಲಿಲ್ಲ.

“ಐತೆ ರೀ” ಎಂದಳು ಅವ್ವ ಕೊನೆಗೆ. “ರಸ್ತೆ ಪಕ್ಕದ ಎರಡು ಗುಂಟೇಲಿ ನಮ್ಮವ್ವನ್ನ ಮಣ್ಣು ಮಾಡೀವಿ. ಅಣ್ಣ ಅದನ್ನೂ ಸೇರಿಸಿ ಮಾರ್ತಾನಂತೆ. ಅದೊಂದು ನನ್ನ ಹೆಸರಿಗಿರ್ಲಿ. ಉಳಿದದ್ದೆಲ್ಲ ಅವರಿಗೇ ಇರ್ಲಿ.”

ಅಣ್ಣನ ಮಾತಿಗೆ ಅವ್ವ ಇಲ್ಲ ಎಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅಂದು ಪತ್ರ ಆಗಲಿಲ್ಲ. “ಹೆಂಗಸ್ರ ತಲೆ ಕೆಡಿಸಾಕೆ ಕುಂತೀರೇನ್ರಿ ಇಲ್ಲಿ” ಎಂದು ಅಜ್ಜನಿಗೆ ಹೇಳಿ ದೊಡ್ಡ ಮಾವ ಬೈಕ್ ಹತ್ತಿ ಹೋದರು. ತಮ್ಮ ಊರಿನವರು ಅಜ್ಜನ ಬಳಿ ಹೋಗದಂತೆಯೂ ನೋಡಿಕೊಂಡರು. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಸುಮ್ಮನಿರಬೇಕಿತ್ತು ಎಂದು ಅವ್ವ ಅಡುಗೆಮನೆಯಲ್ಲಿ ಅತ್ತಳು. ಅಜ್ಜನ ಮೇಲೆ ನನಗೂ ಸಿಟ್ಟು ಬಂದಿತ್ತು.

ಮರುವರ್ಷ ಚಿಕ್ಕ ಮಾವ ತಾನೇ ಮನೆಗೆ ಬಂದ. “ಅಕ್ಕ, ಅವತ್ತು ನಾನೂ ಬಾಯಿ ಬಿಡ್ಬೇಕಿತ್ತು. ಅಲ್ಲಿ ಮಣ್ಣಾಗಿರೋಳು ನಂಗೂ ಅವ್ವನೇ ಅಲ್ವಾ” ಎಂದ. ದೊಡ್ಡ ಮಾವನನ್ನು ಅವನೇ ಒಪ್ಪಿಸಿದ್ದ. ಆ ಎರಡು ಗುಂಟೆ ಅವ್ವನಿಗೆ ಬಿಟ್ಟು ಹೊಸ ಪತ್ರ ಬರೆದವರು ಅದೇ ಅಜ್ಜ. ಓದಿ ಹೇಳುವಾಗ ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ದೊಡ್ಡ ಮಾವನಿಗೆ ಕುರ್ಚಿ ಸರಿಸಿ, “ಕೂತ್ಕಳ್ರಿ ಗೌಡ್ರೆ, ಬಿಸಿಲಾಗೆ ಬಂದೀರಿ” ಎಂದರು.

ಆಮೇಲೆ ನನ್ನ ಕೆಲಸದ ಅರ್ಜಿ, ಅಫಿಡವಿಟ್ಟುಗಳಿಗೆಲ್ಲ ಅವರಲ್ಲಿಗೇ ಹೋಗುತ್ತಿದ್ದೆ. ನ್ಯಾಮತಿಯ ಶಾಲೆಯಲ್ಲಿ ಪಾಠ ಮಾಡುವ ನಾನು, ಹಿಂದಿನ ಬೆಂಚಿನ ಹುಡುಗಿ ಒಪ್ಪದೆ ತಲೆ ಅಲ್ಲಾಡಿಸಿದರೆ ಈಗಲೂ ಪಾಠ ನಿಲ್ಲಿಸಿ ಕಾಯುತ್ತೇನೆ. ಕಾಯುವುದನ್ನು ಕಲಿಸಿದವರು ಅವರು.

ಅವರು ಹೋದ ಸುದ್ದಿ ಬಂದಾಗ ಅವ್ವ ಮಂಡಿನೋವಿನಲ್ಲೇ ಬಸ್ಸು ಹತ್ತಿದಳು. ಅಂಗಳದಲ್ಲಿ ಯಾರಿಗೂ ನಮ್ಮ ಗುರುತಿರಲಿಲ್ಲ. ಅವರ ಸೊಸೆ ನೀರು ಕೊಟ್ಟು ಮೆಲ್ಲಗೆ, “ನೀವು ಅವರಿಗೆ ಏನಾಗ್ಬೇಕ್ರೀ?” ಎಂದು ಕೇಳಿದಳು.

“ಏನೂ ಆಗ್ಬೇಕಿಲ್ಲವ್ವ” ಎಂದಳು ಅವ್ವ. “ಒಂದಿನ ನಂಗೆ ಮಾತಾಡಾಕೆ ಬಿಟ್ಟಿದ್ರು.”