ಮಲ್ಲಮ್ಮನ ಗಾಡಿಯ ಏಳದ ಮುಳ್ಳು

ಭಾಲ್ಕಿಯಿಂದ ಬಂದು ನಾಸಿಕ್ ರೋಡಿನಲ್ಲಿ ನೆಲೆನಿಂತ ಮಲ್ಲಮ್ಮನಿಗೆ ಐವತ್ತೆಂಟು. ಗಂಡ ಸತ್ತ ಮೇಲೆ ಜೋಳದ ಖಡಕ್ ರೊಟ್ಟಿ ಬಡಿದು ಬದುಕಿದವಳು. ಐವತ್ತೊಂದನೆಯ ವಯಸ್ಸಿಗೆ ಗಾಡಿ ಹೊಡೆಯಲು ಕಲಿತು, ದಿಂಡೋರಿ, ಮನ್ಮಾಡ್ ಕಡೆಯ ಮದುವೆ ಮನೆಗಳಿಗೆ ತಾನೇ ಮಾಲು ಮುಟ್ಟಿಸುತ್ತಿದ್ದಳು. ಯಾರ ಉಪಕಾರವನ್ನೂ ಇಟ್ಟುಕೊಂಡವಳಲ್ಲ, ಯಾರ ಏಟನ್ನೂ ಇಟ್ಟುಕೊಂಡವಳಲ್ಲ.

ಹೋದ ದೀಪಾವಳಿಗೆ ಸಂಭಾಜಿನಗರದ ವಿಶ್ವನಾಥಪ್ಪನಿಂದ ಹನ್ನೆರಡು ವರ್ಷ ಹಳೆಯ ಎಸ್‌ಯುವಿ ಕೊಂಡಳು. ನೋಡಲು ಜೊತೆಗೆ ಗಾಡಿ ರಿಪೇರಿಯ ಮಿಸ್ತ್ರಿಯನ್ನೂ ಕರೆದೊಯ್ದಿದ್ದಳು. ಆದರೆ ವಿಶ್ವನಾಥಪ್ಪ ಹಣೆಯ ವಿಭೂತಿ ಮುಟ್ಟಿ, "ಇಂಜಿನ್ನಿಗಿ ಇನ್ನಾ ಯಾರೂ ಕೈ ಹಚ್ಚಿಲ್ರೀ ತಂಗಿ," ಎಂದುಬಿಟ್ಟ. ನಮ್ಮವನು, ಸಮಾಜದ ಹಿರಿಯ. ಇನ್ನೂ ಬಾನೆಟ್ ಎತ್ತಿಸಿದರೆ ವಿಭೂತಿಯನ್ನೇ ಅನುಮಾನಿಸಿದಂತೆ ಎಂದುಕೊಂಡು ಮಲ್ಲಮ್ಮ ಮಿಸ್ತ್ರಿಯನ್ನು ಚಹಾ ಕುಡಿಯಲು ಕಳಿಸಿದಳು.

ಮೂರು ತಿಂಗಳಲ್ಲಿ ಗಾಡಿ ಅವಳ ರಕ್ತ ಹೀರಿತು. ಕ್ಲಚ್ ಪ್ಲೇಟಿಗೆ ಹದಿನಾಲ್ಕು ಸಾವಿರ. ಇಂಜೆಕ್ಟರಿಗೆ ಹದಿನೆಂಟು. ಸಿನ್ನರಿನ ಹತ್ತಿರ ಬುಸ್ಸೆಂದು ಆವಿ ಕಾರಿ ನಿಂತಾಗ ಇಂಜಿನ್ ಕುದಿದು ಹೆಡ್ ಗ್ಯಾಸ್ಕೆಟ್ಟೇ ಹೋಗಿತ್ತು. ಅದಕ್ಕೆ, ರೇಡಿಯೇಟರಿಗೆ ಸೇರಿ ಮೂವತ್ತೆಂಟು. ಎಪ್ಪತ್ತು ಸಾವಿರವೆಂದರೆ ಏಳು ಸಾವಿರ ರೊಟ್ಟಿ!

ಅವಳನ್ನು ಅದಕ್ಕಿಂತ ಹೆಚ್ಚು ಉರಿಸಿದ್ದು ಮಿಸ್ತ್ರಿ ತೋರಿಸಿದ ಒಂದು ಸಣ್ಣ ಕೆಲಸ. ಇಂಜಿನ್ ಎಷ್ಟು ಕುದಿದರೂ ಬಿಸಿ ತೋರಿಸುವ ಮುಳ್ಳು ಅರ್ಧಕ್ಕಿಂತ ಮೇಲೇಳದಂತೆ ಯಾರೋ ಅದರ ವಾಯರಿಗೆ ಏನನ್ನೋ ಬೆಸೆದಿದ್ದರು. ಕುದಿಯುವ ಗಾಡಿಯನ್ನು ಮುಚ್ಚಿ ಮಾರಿದ್ದರು.

ಮಲ್ಲಮ್ಮ ಸಮಾಜದ ಅಧ್ಯಕ್ಷ ಶಿವರಾಯನ ಬಳಿ ದೂರು ಒಯ್ದಳು. ಅವನು ಕೈ ಬೀಸಿ ತಳ್ಳಿಹಾಕಿದ. "ಹಳೀ ಗಾಡಿ ಹಂಗೇ ಇರ್ತದವ್ವ. ವಿಭೂತಿ ಮುಟ್ಟಿ ಹೇಳ್ಯಾರ. ಹಿರ್ಯಾರ ಮ್ಯಾಲ ಸುಳ್ಳ್ ಹೊರಸಬ್ಯಾಡ."

ಸುಳ್ಳುಗಾರ್ತಿ ಎನ್ನಿಸಿಕೊಂಡು ಮನೆಗೆ ಬಂದವಳಿಗೆ ಅಂದಿನಿಂದ ಒಂದೇ ಹಟ: ಶಿವರಾಯನ ಎದುರಿಗೆ ವಿಶ್ವನಾಥಪ್ಪನ ಬಾಯಿಂದಲೇ ನಿಜ ಹೊರಬೀಳಬೇಕು. ಇಂಜಿನ್ ಈಗ ಪೂರ್ತಿ ಸರಿಯಾಗಿದೆ ಎಂದು ಯಾರಿಗೂ ಹೇಳಲಿಲ್ಲ. ಮುಳ್ಳನ್ನು ಮಾತ್ರ ಮುಟ್ಟಬೇಡ ಎಂದು ಮಿಸ್ತ್ರಿಗೆ ತಾಕೀತು ಮಾಡಿದಳು.

ಬಸವ ಜಯಂತಿ ಬಂತು. ಸಭೆ ಸಂಭಾಜಿನಗರದಲ್ಲಿ. ನಾಸಿಕ್ ರೋಡಿಗೆ ನೆಂಟರ ಮನೆಗೆ ಬಂದಿದ್ದ ವಿಶ್ವನಾಥಪ್ಪನನ್ನು ಅವಳೇ ಕರೆದಳು. "ಬಸ್ಸಿನ್ಯಾಗ ಯಾಕ ಒದ್ದಾಡ್ತೀರಿ ಅಣ್ಣಾ? ಶಿವರಾಯಪ್ಪನೋರೂ ಬರ್ಲತಾರ." ಪುಕ್ಕಟೆ ಸವಾರಿ ಬಿಡುವ ಮನುಷ್ಯನಲ್ಲ ಅವನು. ಮುಂದಿನ ಸೀಟಿನಲ್ಲಿ ಕುಳಿತ, ಶಿವರಾಯ ಹಿಂದೆ.

ಯೇವಲಾ ದಾಟಿದ ಮೇಲೆ ಬಿಸಿಲು ನೆತ್ತಿಗೇರಿತು. ಮಲ್ಲಮ್ಮ ಎಸಿ ಜೋರು ಮಾಡಿ ಗಾಡಿಯನ್ನು ನೂರಕ್ಕೆ ಏರಿಸಿದಳು. ವಿಶ್ವನಾಥಪ್ಪ ಮಿಸುಕಾಡಿದ.

"ರೇಡಿಯೇಟರಿನ ನೀರು ನೋಡೀರೇನ್ರಿ?"

"ಯಾಕ್ರಿ? ಮುಳ್ಳ್ ಅರ್ಧಕ್ಕೇ ಅದಲ್ಲ."

ಅವನು ಒರೆಸಿದಷ್ಟೂ ಹಣೆ ಬೆವರಿತು. ವಿಭೂತಿ ಕರವಸ್ತ್ರಕ್ಕೆ ಹತ್ತಿತು. ಮಲ್ಲಮ್ಮ ಕಾಲಿನ್ನೂ ಒತ್ತಿದಳು.

"ಯಾಕೋ ಇವತ್ತ್ ಗಾಡಿ ಜಗ್ಗವಲ್ದು," ಎಂದಳು ಮೆಲ್ಲಗೆ.

"ಎಸಿ ಬಂದ್ ಮಾಡ್ರೀ! ಬಾಜೂಕ ನಿಲ್ಲಸ್ರಿ, ಕುದ್ದು ಹೆಡ್ ಸೀಳ್ತದ!"

"ಮುಳ್ಳ್ ನೋಡ್ರಿ ಅಣ್ಣಾ."

"ಆ ಮುಳ್ಳ್ ಏನ್ ನೋಡ್ತೀರಿ! ಇಂಜಿನ್ ಸುಟ್ಟು ಬೂದಿ ಆದ್ರೂ ಅದು ಏಳೂದಿಲ್ಲ!"

ಅಂದವನೇ ಬಾಯಿ ಮುಚ್ಚಿದ. ಮಲ್ಲಮ್ಮ ರಸ್ತೆ ಬದಿಗೆ ಗಾಡಿ ನಿಲ್ಲಿಸಿದಳು.

"ಏಳೂದಿಲ್ಲಂತ ನಿಮಗ್ಯಾರು ಹೇಳಿದ್ರು?"

ಹಿಂದಿನಿಂದ ಶಿವರಾಯನ ದನಿ ಬಂತು, ನಿಧಾನಕ್ಕೆ. "ಹೇಳ್ರಿ ವಿಶ್ವನಾಥಪ್ಪ. ಯಾರು ಹೇಳಿದ್ರು?"

"ತಪ್ಪಾಯ್ತು," ಎಂದ ವಿಶ್ವನಾಥಪ್ಪ. "ರಿಪೇರಿ ರೊಕ್ಕ ಎಲ್ಲಾ ಕೊಡ್ತೀನಿ ತಂಗಿ. ಮಾತು ಇಲ್ಲಿಗೇ ಬಿಡ್ರಿ."

"ರೊಕ್ಕ ಅಂತೂ ಕೊಡಬೇಕು. ಮಾತ್ ಮಾತ್ರ ಇಲ್ಲಿಗೆ ಬಿಡಾಕಿ ಅಲ್ಲ ನಾ. ಇವತ್ತ್ ಸಭಾದಾಗ ನೀವೇ ಎದ್ದು ಹೇಳ್ರಿ."

"ಮಂದ್ಯಾಗ ಮಾನ ಹೋಗ್ತದ್ರೀ!"

"ನಂದು ಹೋಗಿತ್ತಲ್ಲ," ಎಂದು ಮಲ್ಲಮ್ಮ ಗೇರ್ ಹಾಕಿದಳು.

ಸಂಜೆ ಸಭೆಯಲ್ಲಿ ಶಿವರಾಯ ಹೆಸರು ಕೂಗಿದ. ವಿಶ್ವನಾಥಪ್ಪ ಎದ್ದು ಮೈಕಿನ ಮುಂದೆ ನಿಂತು, ನೆಲ ನೋಡುತ್ತ ಏನೋ ಗೊಣಗಿದ. ಮುನ್ನೂರು ಜನ ಕಿವಿ ನಿಮಿರಿಸಿದರು.

ಹೆಂಗಸರ ಸಾಲಿನ ಕೊನೆಯಿಂದ ಮಲ್ಲಮ್ಮ ಕೂಗಿದಳು. "ಜೋರ್ ಹೇಳ್ರೀ ಅಣ್ಣಾ! ಹಿಂದಿನೋರಿಗಿ ಕೇಳವಲ್ದು!"